ಕಣದ ಮೇಲಿನ ಡೇರೆ

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಹತ್ತಿರ. ಈ ಮಾತು ನಿಮ್ಮ ಹೊಟ್ಟೆಯಲ್ಲೇ ಇರಬೇಕು, ಕಿವಿಯಿಂದ ಒಳಗೆ ಹೋದದ್ದು ಬಾಯಿಗೆ ಬರಕೂಡದು. ಆಣೆ ಮಾಡಿದರೆ ಹೇಳುತ್ತೇನೆ, ಇಲ್ಲದಿದ್ದರೆ ಇಲ್ಲ. ನಾನೂ ಯಾರಿಗೂ ಹೇಳಿಲ್ಲ. ಕೆಳಗಿನ ಓಣಿಯ ಇಬ್ಬರಿಗೆ ಹೇಳಿದ್ದೇನೆ, ಅವರು ನಮ್ಮವರೇ. ಹಿಟ್ಟಿನ ಗಿರಣಿಯಲ್ಲಿ ಒಬ್ಬಳಿಗೆ ಅರ್ಧ ಹೇಳಿದೆ, ಅಷ್ಟರಲ್ಲಿ ಅವಳ ಹಿಟ್ಟಾಯಿತು, ಎದ್ದು ಹೋದಳು.

ಹೋದ ಸೋಮವಾರ ನಮ್ಮೂರ ಹೊಂಡದ ಮಠದಲ್ಲಿ, ಅಷ್ಟು ಜನರ ಮುಂದೆ, ನಮ್ಮ ಪಕ್ಕದ ಮನೆ ನೀಲವ್ವನ ಮಗಳು ಕಸ್ತೂರಿ ಎದ್ದು ನಿಂತು ಮಠದ ಸ್ವಾಮಿಗಳಾದ ಅಜ್ಜನವರಿಗೆ ಒಂದು ಪ್ರಶ್ನೆ ಕೇಳಿದಳು.

"ಅಜ್ಜಾರ, ದೂರದ ದಾರಿ ಹೋಗೋರು ದಿನಾ ಸಂಜಿಗೆ ಡೇರೆ ಹಾಕಾಕ ಒಂದು ಛಲೋ ಜಾಗ ಹುಡುಕೋದು ಹೆಂಗ?"

ಮಠಕ್ಕೆ ಬಂದವರು ಮದುವೆ ಯಾವಾಗ ಕೂಡಿ ಬರುತ್ತದೆ ಎಂದು ಕೇಳುತ್ತಾರೆ. ಹೊಟ್ಟೆನೋವಿಗೆ ವಿಭೂತಿ ಕೇಳುತ್ತಾರೆ. ಕಳೆದುಹೋದ ಎಮ್ಮೆ ಯಾವ ದಿಕ್ಕಿಗೆ ಹೋಯಿತು ಎಂದು ಕೇಳಿದವರೂ ಇದ್ದಾರೆ. ಮಲಗುವ ಜಾಗ ಕೇಳಿದವರನ್ನು ನನ್ನ ಎಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ನನ್ನ ಮೈಯೆಲ್ಲ ಕಿವಿಯಾಯಿತು.

ಮೊದಲು ಕಸ್ತೂರಿ ಎಂಥವಳೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ರುಚಿ ಹತ್ತುವುದಿಲ್ಲ. ನೀಲವ್ವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಅದೂ ಮಾರುದ್ದ ಬಿರುಕು ಬಿಟ್ಟಿದೆ. ಹಾಗಾಗಿ ನಾನು ಕದ್ದು ಕೇಳುವುದಿಲ್ಲ, ತಾನಾಗಿ ಕೇಳಿಸುತ್ತದೆ. ಮಗಳಿಗೆ ಈಗ ಮೂವತ್ತೆರಡು. ಮದುವೆ ಬೇಡವೆಂದಳು. ಹೊಲಿಗೆ ಕಲಿತಳು. ಪಡಸಾಲೆಯಲ್ಲಿ ಮೂರು ಮಷೀನು ಹಾಕಿ ಓಣಿಯ ಹುಡುಗಿಯರಿಗೆ ಕಲಿಸತೊಡಗಿದಳು. ಅಲ್ಲಿಯವರೆಗೆ ಅವಳ ವಿಷಯದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ, ನನಗೇ ಬೇಸರವಾಗುತ್ತಿತ್ತು. ಆಮೇಲೆ ಒಂದು ಹಳೆಯ ಮೋಟರ್‌ಸೈಕಲ್ ತಂದಳು. ಸ್ಕೂಟಿ ಅಲ್ಲ, ಗಂಡಸರು ಓಡಿಸುವಂಥದ್ದು. ಅದನ್ನು ಶುರು ಮಾಡಿದರೆ ನಮ್ಮ ಮನೆಯ ನೆಲುವಿನ ಗಡಿಗೆ ಅಲುಗುತ್ತದೆ. ಹೋದ ವರ್ಷ ದೀಪಾವಳಿ ಮುಗಿದದ್ದೇ ತಡ, ಹಿಂದೆ ಡೇರೆ ಕಟ್ಟಿಕೊಂಡು ರಾಮೇಶ್ವರಕ್ಕೆ ಹೊರಟೇಬಿಟ್ಟಳು. ಒಬ್ಬಳೇ. ಇಪ್ಪತ್ತೆರಡು ದಿನ. ನೀಲವ್ವ ಓಣಿಗೆಲ್ಲ ಯಾತ್ರೆ ಎಂದು ಸಾರಿದಳು. ಯಾತ್ರೆಗೆ ಹೋದವರು ಛತ್ರದಲ್ಲಿ ಮಲಗುತ್ತಾರೆ. ಇವಳು ಕಂಡಕಂಡವರ ಹೊಲದಲ್ಲಿ ಮಲಗಿ ಬಂದಳು.

ತಿರುಗಿ ಬಂದ ಮರುದಿನ ಸಾಮಾನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದಳು. ನಾನೂ ಶಾವಿಗೆ ಒಣಹಾಕಲು ನಮ್ಮ ಮಾಳಿಗೆ ಹತ್ತಿದ್ದೆ. ಕಣ್ಣಾರೆ ನೋಡಿದೆ. ಡೇರೆ ಒಂದು, ಹೊದಿಕೆ ಒಂದು, ತಲೆದಿಂಬು ಎರಡು. ಒಂದು ತಲೆಗೆ ಎರಡು ದಿಂಬು ಯಾಕೆ ಎಂದು ನಾನು ಇಷ್ಟೇ ಕೇಳಿದ್ದು. ಕೇಳುವುದು ತಪ್ಪೇ? ನನ್ನ ಬಾಯಿಂದ ಹೊರಟಾಗ ಅದು ಬರೀ ದಿಂಬು. ಗಿರಣಿ ದಾಟುವ ಹೊತ್ತಿಗೆ ಆ ದಿಂಬಿಗೆ ಮೀಸೆ ಬಂದಿತ್ತು. ಬಸ್‌ಸ್ಟ್ಯಾಂಡು ಮುಟ್ಟುವಾಗ ಅದಕ್ಕೆ ಊರು, ಕುಲ, ಕೆಲಸ ಎಲ್ಲ ಹುಟ್ಟಿಕೊಂಡಿದ್ದವು. ಹೊಲಿಗೆಗೆ ಬರುತ್ತಿದ್ದ ಏಳು ಹುಡುಗಿಯರಲ್ಲಿ ಐವರನ್ನು ಅವರ ಮನೆಯವರು ಬಿಡಿಸಿದರು.

ನೀಲವ್ವ ಗಾಡಿಯ ಬೀಗದ ಕೈ ಕಸಿದು ತನ್ನ ಎಲೆಯಡಿಕೆಯ ಚಂಚಿಯಲ್ಲಿ ಹಾಕಿಕೊಂಡಳು. ಚಂಚಿ ಸೊಂಟಕ್ಕೆ, ಅದರ ಮೇಲೆ ಸೀರೆ. ಸ್ನಾನಕ್ಕೆ ಹೋಗುವಾಗಲೂ ಬಿಡಲಿಲ್ಲ. ಕಸ್ತೂರಿ ಈ ಬೇಸಿಗೆಗೆ ಹಿಮಾಲಯ ಎಂದು ಹಟ ಹಿಡಿದಿದ್ದಳು. ನಾಲ್ಕು ತಿಂಗಳು ಆ ಮನೆಯಲ್ಲಿ ಬೆಳಿಗ್ಗೆ ಒಂದು ಜಗಳ, ಸಂಜೆಗೆ ಒಂದು. ಒಂದೂ ಬಿಡದೆ ಕೇಳಿದ್ದೇನೆ, ಆ ನಾಲ್ಕು ತಿಂಗಳು ನಮ್ಮ ಮನೆಯ ಟೀವಿಯ ಮೇಲೆ ಧೂಳು ಕೂತಿತ್ತು. ಕೊನೆಗೆ ತಾಯಿ ಮಗಳು ಒಂದು ಕರಾರಿಗೆ ಬಂದರು. ಸೋಮವಾರ ಮಠಕ್ಕೆ ಹೋಗಿ ಅಜ್ಜನವರನ್ನು ಕೇಳುವುದು. ಅವರು ಹೋಗು ಎಂದರೆ ಬೀಗದ ಕೈ ಮಗಳ ಕೈಗೆ. ಬೇಡ ಎಂದರೆ ಗಾಡಿ ಗ್ಯಾರೇಜಿನವನಿಗೆ. ಅವನು ಆಗಲೇ ಎರಡು ಸಲ ಬಂದು ಟೈರು ಒತ್ತಿ ನೋಡಿ ಹೋಗಿದ್ದ.

ಇಂಥ ಸೋಮವಾರ ಯಾರಾದರೂ ತಪ್ಪಿಸಿಕೊಳ್ಳುತ್ತಾರೆಯೇ? ನಾನು ಊಟ ಬಿಟ್ಟು ಮೊದಲೇ ಹೋಗಿ ಎರಡನೆಯ ಕಂಬದ ಪಕ್ಕ ಕೂತೆ. ಅಲ್ಲಿ ಕೂತರೆ ಅಜ್ಜನವರ ಮಾತೂ ಕೇಳಿಸುತ್ತದೆ, ಹೆಂಗಸರ ಮುಖವೂ ಕಾಣಿಸುತ್ತದೆ. ಕಸ್ತೂರಿ ಹೋಗಲೋ ಬೇಡವೋ ಎಂದು ಕೇಳಲೇ ಇಲ್ಲ, ಹೋಗುವುದು ಗೊತ್ತಾದಂತೆಯೇ ಡೇರೆಯ ಜಾಗ ಕೇಳಿದಳು, ಆಗಲೇ ಹೇಳಿದೆನಲ್ಲ.

ಅಜ್ಜನವರಿಗೆ ಎಂಬತ್ತು ದಾಟಿದೆ. ಮಾತು ಬಹಳ ಕಡಿಮೆ. ಕೇಳಿದ್ದಕ್ಕೆ ಹೌದು ಅಲ್ಲ ಎಂದು ಹೇಳಿದ್ದನ್ನು ನಾನು ಕಂಡಿಲ್ಲ. ಅವತ್ತೂ ಹೇಳಲಿಲ್ಲ. ಮೊದಲ ಸಲ ಹೋದಾಗ ಹೇಗಿತ್ತು, ಅದನ್ನು ಹೇಳು ಎಂದರು.

ಅಷ್ಟು ಸಾಕಾಯಿತು. ಕಸ್ತೂರಿ ಶುರು ಮಾಡಿದಳು ನೋಡಿ, ಸೆರಗು ಜಾರಿದ್ದೂ ಗೊತ್ತಿಲ್ಲ ಅವಳಿಗೆ. ಬೆಳಿಗ್ಗೆ ಗಾಡಿ ಹತ್ತಿದರೆ ಮಧ್ಯಾಹ್ನದವರೆಗೆ ಯಾವ ಚಿಂತೆಯೂ ಇಲ್ಲವಂತೆ. ನಾಲ್ಕು ಹೊಡೆದ ಮೇಲೆ ಅದು ಶುರುವಂತೆ. ಇಲ್ಲಿ ನಿಲ್ಲಲೋ, ಮುಂದೆ ಇನ್ನೂ ಚೆನ್ನಾಗಿದ್ದರೋ ಎಂದು ಹೆಗಲ ಮೇಲಿನ ಸೂರ್ಯ ನೆಲಕ್ಕೆ ಇಳಿಯುವವರೆಗೂ ಕಣ್ಣು ರಸ್ತೆಯ ಎರಡೂ ಬದಿ ಹರಿದಾಡುತ್ತದಂತೆ. ಶಾಲೆಯ ಅಂಗಳಕ್ಕೆ ಬೀಗ. ಕೆರೆಯ ದಂಡೆಗೆ ಕಾವಲು. ಒಂದು ಕಡೆ ನಾಯಿ ಅಟ್ಟಿಸಿದವು, ಮೂರು ಕಡೆ ಮನುಷ್ಯರು. ಆದರೆ ಜಾಗ ಸಿಕ್ಕಿತೆಂದರೆ, ಡೇರೆ ಎದ್ದು ನಿಂತಿತೆಂದರೆ, ಅದರೊಳಗೆ ಕಾಲು ಚಾಚಿ ಗಾಳಿ ಬಟ್ಟೆಯನ್ನು ಪಟಪಟ ಬಡಿಯುವುದನ್ನು ಕೇಳುತ್ತ ಮಲಗಿದರೆ, ಈ ಭೂಮಿಯೆಲ್ಲ ನಮ್ಮ ಪಡಸಾಲೆಯೇ ಎನಿಸುತ್ತದಂತೆ. ರಾಮೇಶ್ವರದ ಆಚೆ ನೆಲ ಮುಗಿಯುವ ತುದಿಯಲ್ಲಿ ಎರಡು ಸಮುದ್ರ ಒಂದಕ್ಕೊಂದು ಮೈ ತಾಗಿಸುತ್ತವಂತೆ, ಒಂದು ಸುಮ್ಮನಿರುತ್ತದೆ, ಇನ್ನೊಂದು ಕೂಗುತ್ತದಂತೆ.

ಹೇಳಬಾರದು, ಕಂಬಕ್ಕೆ ಒರಗಿ ಕೂತಿದ್ದ ನಾನೂ ಮಲಗಿದ ಜಾಗಗಳನ್ನು ಬೆರಳಲ್ಲಿ ಎಣಿಸಿದೆ. ನಾನು ಹುಟ್ಟಿದ ಮನೆಯಲ್ಲಿ ಮಲಗಿದ್ದೇನೆ, ಕೊಟ್ಟ ಮನೆಯಲ್ಲಿ ಮಲಗಿದ್ದೇನೆ, ಬಾಣಂತನಕ್ಕೆ ಮತ್ತೆ ಹುಟ್ಟಿದ ಮನೆಯಲ್ಲಿ. ಅಷ್ಟೇ.

ಆಮೇಲೆ ಅವಳು ಇನ್ನೊಂದು ಹೇಳಿದಳು. ಆರು ದಿನ ಕೂತು ಸೀಟು ಕಲ್ಲಿನಂತಾಗಿ, ಕೂರಲು ಆಗದೆ ಅತ್ತುಬಿಟ್ಟಳಂತೆ. ಮಧುರೆಯ ಸಂತೆಯಲ್ಲಿ ಒಂದು ತಲೆದಿಂಬು ಕೊಂಡು ಸೀಟಿಗೆ ಬಿಗಿದುಕೊಂಡು ಉಳಿದ ದಾರಿ ಹೋದಳಂತೆ. ಹೆಂಗಸರ ಸಾಲೆಲ್ಲ ಒಮ್ಮೆಗೇ ನನ್ನ ಕಡೆ ತಿರುಗಿತು. ನಾನು ಕಂಬದ ಕೆತ್ತನೆ ನೋಡಿದೆ. ಒಳ್ಳೆಯ ಕೆತ್ತನೆ. ಆ ಮಾತು ನನಗೂ ಕೇಳಿಸಿತು, ಇಲ್ಲವೆನ್ನುವುದಿಲ್ಲ. ಆದರೆ ಊರೆಲ್ಲ ಸುತ್ತಿ ಬಂದ ಮಾತಿನ ಹಿಂದೆ ಇನ್ನೊಂದು ಮಾತನ್ನು ಓಡಿಸುವುದು ನನ್ನ ಕೆಲಸವೇ?

ಅಜ್ಜನವರು ಎಲ್ಲ ಕೇಳಿ ಕಣ್ಣು ಮುಚ್ಚಿದರು. ನೀಲವ್ವನ ಕೈ ಚಂಚಿಯ ಮೇಲೆ ಇತ್ತು. ಆಮೇಲೆ ಅವರು ಈ ದೃಷ್ಟಾಂತ ಹೇಳಿದರು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಆದರೆ ಕೇಳಿದ್ದು ನನಗೆ ಮರೆಯುವುದಿಲ್ಲ. ಅವರು ಹೇಳಿದಂತೆಯೇ ಹೇಳುತ್ತೇನೆ, ನನ್ನದು ಒಂದು ಮಾತೂ ಸೇರಿಸುವುದಿಲ್ಲ.

ಒಬ್ಬ ಸವಾರನಿದ್ದ. ಅವನ ಬಳಿ ಒಂದು ಮೋಟರ್‌ಸೈಕಲ್ ಇತ್ತು, ಒಂದು ಡೇರೆ ಇತ್ತು. ಅವನು ಬಹಳ ದೂರ ಹೋಗಬೇಕಾಗಿತ್ತು. ಹಗಲು ಓಡಿಸುವುದು ಅವನಿಗೆ ಕಷ್ಟವಾಗಲಿಲ್ಲ. ಸಂಜೆ ನಿಲ್ಲುವುದು ಕಷ್ಟವಾಯಿತು.

ಮೊದಲ ಸಂಜೆ ಕೆರೆಯಂಗಳದ ಹಸಿರಿನ ಮೇಲೆ ಡೇರೆ ಹಾಕಿದ. ಬೆಳಗಾಗುವಾಗ ಗಾಡಿಯ ಕಾಲು ಕೆಸರಿನಲ್ಲಿ ಹೂತು ಗಾಡಿ ಮಗ್ಗುಲಾಗಿತ್ತು. ಹಸಿರಿರುವಲ್ಲಿ ನೆಲ ಗಟ್ಟಿಯಿಲ್ಲ ಎಂದು ಪುಸ್ತಕದಲ್ಲಿ ಬರೆದುಕೊಂಡ. ಎರಡನೆಯ ಸಂಜೆ ಹುಣಸೆಮರದ ಕೆಳಗೆ ಹಾಕಿದ. ಇರುವೆಗಳು ಅವನ ಬುತ್ತಿಯನ್ನು ಉಂಡವು. ಮರದ ಬುಡ ಬೇಡ ಎಂದು ಬರೆದುಕೊಂಡ. ಮೂರನೆಯ ಸಂಜೆ ಒಣಹಳ್ಳದ ಮರಳಿನಲ್ಲಿ ಹಾಕಿದ. ಮೇಲೆಲ್ಲೋ ಮಳೆಯಾಗಿ ಹಳ್ಳಕ್ಕೆ ನೀರು ಬಂತು. ನೀರಿನ ದಾರಿಯಲ್ಲಿ ಮಲಗಬಾರದು ಎಂದು ಬರೆದುಕೊಂಡ. ಹೀಗೆ ಹತ್ತು ಸಂಜೆಗೆ ಹತ್ತು ಪಾಠ ಕಲಿತ. ಗಾಳಿಯ ದಿಕ್ಕು ತಿಳಿಯಿತು. ನೆಲದ ಇಳಿಜಾರು ತಿಳಿಯಿತು. ದೂರದಿಂದ ನೋಡಿದರೆ ಸಾಕು, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳಬಲ್ಲವನಾದ. ಜಾಗ ಹುಡುಕುವುದರಲ್ಲಿ ತನಗಿಂತ ಬಲ್ಲವರಿಲ್ಲ ಎಂದು ಅವನಿಗೆ ಸಂತೋಷವಾಯಿತು.

ಹನ್ನೊಂದನೆಯ ಸಂಜೆ ಒಂದು ಊರಿನ ಹೊರಗೆ ಬಂದ. ಅಲ್ಲಿ ಒಂದು ಜಾಗ ಕಂಡ. ಅಂಗೈಯಂತೆ ಸಮವಾಗಿತ್ತು. ಒಂದು ಕಲ್ಲಿಲ್ಲ, ಒಂದು ಹುಲ್ಲೆಸಳಿಲ್ಲ. ನೆಲ ನುಣ್ಣಗಿತ್ತು, ಒಣಗಿತ್ತು, ಎತ್ತರದಲ್ಲಿತ್ತು. ಗಾಳಿಗೆ ಅಡ್ಡವಾಗಿ ಒಂದು ಬಣವೆಯಿತ್ತು. ಹಗ್ಗ ಕಟ್ಟಲೆಂದೇ ನಿಲ್ಲಿಸಿದಂತೆ ನಡುವೆ ಒಂದು ಕಂಬವೂ ಇತ್ತು. ಸವಾರ ಪುಸ್ತಕ ತೆಗೆದು ನೋಡಿದ. ಹತ್ತಕ್ಕೆ ಹತ್ತೂ ಕೂಡಿ ಬಂದಿದ್ದವು. ಸುತ್ತ ಯಾರೂ ಇರಲಿಲ್ಲ. ಗಾಡಿಯನ್ನು ಅದರ ಮೇಲೆ ಹತ್ತಿಸಿದ. ಕಲ್ಲಿನಿಂದ ಬಡಿದು ಎಂಟು ಕಬ್ಬಿಣದ ಗೂಟ ಊರಿದ. ಹತ್ತು ದಿನದಲ್ಲಿ ಮಲಗದಂಥ ನಿದ್ದೆ ಮಲಗಿದ.

ಬೆಳಿಗ್ಗೆ ಒಬ್ಬ ರೈತ ಎತ್ತು ಹೊಡೆದುಕೊಂಡು ಬಂದ.

ಇಲ್ಲಿ ಅಜ್ಜನವರು ನಿಂತು ಉಸಿರು ತೆಗೆದುಕೊಂಡರು. ನಮ್ಮ ಸಾಲಿನ ಹೆಂಗಸರೆಲ್ಲ ಆಗಲೇ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದರು. ಅದು ಏನೆಂದು ನಮಗೆ ಗೊತ್ತಾಗದೆ ಇರುತ್ತದೆಯೇ? ಅದು ಕಣ. ಈಗಿನವರು ಜೋಳದ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಸುರಿದು ಬಸ್ಸಿನ ಗಾಲಿಯಿಂದ ತುಳಿಸುತ್ತಾರೆ, ಇಲ್ಲವೇ ಮಷೀನಿಗೆ ಹಾಕುತ್ತಾರೆ. ಕಣ ಮಾಡಿದವರಿಗೆ ಗೊತ್ತು ಅದರ ಕಷ್ಟ. ನೆಲ ಕೆತ್ತಿ, ನೀರು ಹೊಡೆದು, ಎತ್ತಿನಿಂದ ತುಳಿಸಿ, ಬಡಿದು, ಸಗಣಿ ಸಾರಿಸಿ, ಒಣಗಿಸಿ, ಮತ್ತೆ ಸಾರಿಸಬೇಕು. ಎಂಟು ದಿನ ಸೊಂಟ ಬೀಳುತ್ತದೆ. ನಡುವಿನ ಕಂಬಕ್ಕೆ ಮೇಟಿ ಎನ್ನುತ್ತೇವೆ, ಅದಕ್ಕೆ ಪೂಜೆ ಮಾಡದೆ ತೆನೆ ಹಾಕುವುದಿಲ್ಲ. ಚಪ್ಪಲಿ ಹಾಕಿಕೊಂಡು ಕಣ ತುಳಿದದ್ದಕ್ಕೆ ನನ್ನ ಅತ್ತೆ ನನಗೆ ಒಂದು ದಿನ ಅನ್ನ ಹಾಕಿರಲಿಲ್ಲ. ಇವನು ಗಾಡಿ ಹತ್ತಿಸಿದ್ದಾನೆ. ಗೂಟ ಹೊಡೆದಿದ್ದಾನೆ. ರೈತ ಅವನ ಕಾಲು ಮುರಿಯಬೇಕು ಎಂದು ನಾನು ಕಾದು ಕೂತೆ.

ಅಜ್ಜನವರು ಮುಂದೆ ಹೇಳಿದರು.

ರೈತ ಚಪ್ಪಲಿ ಹೊರಗೆ ಬಿಟ್ಟು ಕಣದೊಳಗೆ ಬಂದ. ಗಾಡಿ ನೋಡಿದ. ಗೂಟ ನೋಡಿದ. ಎತ್ತಿನ ಕೊರಳು ಬಿಚ್ಚಿ ನೆರಳಿಗೆ ಕಟ್ಟಿದ. ಅವತ್ತು ತೆನೆ ಹಾಕುವ ದಿನವಾಗಿತ್ತು. ಇನ್ನು ಅದು ಆಗುವಂತಿರಲಿಲ್ಲ. ಗೂಟ ಕಿತ್ತ ತೂತಿನಲ್ಲಿ ಬಿದ್ದ ಕಾಳು ಮೇಲೆ ಬರುವುದಿಲ್ಲ. ತೂತಿನ ಸುತ್ತ ನೆಲ ಬಿರಿಯುತ್ತದೆ, ಬಿರುಕಿನೊಳಗೆ ಇನ್ನಷ್ಟು ಕಾಳು ಹೋಗುತ್ತದೆ. ರೈತ ಜೇಡಿ ಮಣ್ಣು ತಂದ, ಸಗಣಿ ತಂದ, ನೀರು ತಂದ. ಕಲಸಿ, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ತೂತು ಮುಚ್ಚತೊಡಗಿದ.

ಸವಾರನಿಗೆ ರೈತ ಬೈಯುವುದಿಲ್ಲ ಎಂದು ಸಮಾಧಾನವಾಯಿತು. ಡೇರೆ ಮಡಚಿದ. ಗಾಡಿಗೆ ಕಟ್ಟಿದ. ಹೊರಡುವ ಮುಂಚೆ ವಿನಯದಿಂದ ಕೇಳಿದ: "ಯಜಮಾನರೇ, ನಾನು ದೂರ ಹೋಗುವವನು. ಈ ಸೀಮೆಯಲ್ಲಿ ಇಂಥ ಒಳ್ಳೆಯ ಜಾಗ ಇನ್ನೆಲ್ಲಿ ಸಿಗುತ್ತದೆ?"

ರೈತ ತಲೆ ಎತ್ತಲಿಲ್ಲ. "ನಿನ್ನೆ ಸಂಜಿತನಕ ಇಲ್ಲೇ ಒಂದಿತ್ತು" ಎಂದ.

ಸವಾರ ಗಾಡಿ ಹತ್ತಿ ಹೋದ.

ಹನ್ನೆರಡನೆಯ ಸಂಜೆ ಅವನಿಗೆ ಎಲ್ಲಿಯೂ ಜಾಗ ಸಿಗಲಿಲ್ಲ. ಕೇಳಿದಲ್ಲೆಲ್ಲ ಇಲ್ಲವೆಂದರು. ರಸ್ತೆಯ ಪಕ್ಕ ಗಾಡಿ ನಿಲ್ಲಿಸಿ ಕೂತ. ಎದುರಿಗೆ ಒಬ್ಬ ಕುರುಬ ಐನೂರು ಕುರಿ ಹೊಡೆದುಕೊಂಡು ಬರುತ್ತಿದ್ದ. ಅವನೂ ದೂರದ ದಾರಿಯವನೇ. ಇಬ್ಬರು ರೈತರು ಅವನ ಎರಡು ಮಗ್ಗುಲಿಗೆ ನಡೆಯುತ್ತ ವಾದ ಮಾಡುತ್ತಿದ್ದರು. ಒಬ್ಬ, ಇವತ್ತು ನಿನ್ನ ಹಿಂಡು ನನ್ನ ಹೊಲದಲ್ಲಿ ತಂಗಬೇಕು ಎನ್ನುತ್ತಿದ್ದ. ಇನ್ನೊಬ್ಬ, ಇಲ್ಲ, ನನ್ನ ಹೊಲದಲ್ಲಿ, ಊಟ ನನ್ನ ಮನೆಯದು, ಹೋಗುವಾಗ ಜೋಳವನ್ನೂ ಕೊಡುತ್ತೇನೆ ಎನ್ನುತ್ತಿದ್ದ. ಸವಾರನಿಗೆ ಆಶ್ಚರ್ಯವಾಯಿತು. ತಾನು ಒಬ್ಬ, ತನಗೆ ಆರಡಿ ನೆಲ ಕೊಡುವವರಿಲ್ಲ. ಇವನ ಹಿಂದೆ ಎರಡು ಸಾವಿರ ಕಾಲು, ಇವನನ್ನು ಹೊಲಕ್ಕೆ ಎಳೆದಾಡುತ್ತಾರೆ. ಎದ್ದು ಹೋಗಿ, ಒಳ್ಳೆಯ ಜಾಗವನ್ನು ನೀನು ಹೇಗೆ ಹುಡುಕುತ್ತೀ ಎಂದು ಕೇಳಿದ.

"ನಾ ಎಲ್ಲಿ ಹುಡಕ್ತೀನಪ್ಪಾ" ಎಂದ ಕುರುಬ. "ಹ್ವಾದ ವರ್ಷ ನಮ್ಮ ಕುರಿ ಗೊಬ್ಬರ ಬಿಟ್ಟು ಎದ್ದು ಹ್ವಾದ ಹೊಲದಾಗ ಬೆಳಿ ಹೆಂಗ ಬಂತಂತ ಇವರು ನೋಡ್ಯಾರ."

ಅಜ್ಜನವರು ಕತೆಯನ್ನು ಅಲ್ಲಿಗೆ ಬಿಟ್ಟರು. ಆ ಸವಾರ ಮುಂದೆ ಎಲ್ಲಿ ಮಲಗಿದ, ಅವನಿಗೆ ಬುದ್ಧಿ ಬಂತೋ ಇಲ್ಲವೋ, ಒಂದೂ ಹೇಳಲಿಲ್ಲ. ನಾವೆಲ್ಲ ಕಾದೆವು. ಕಸ್ತೂರಿಯೂ ನಿಂತೇ ಇದ್ದಳು. ಹೋಗು ಎನ್ನುತ್ತಾರೋ ಬೇಡ ಎನ್ನುತ್ತಾರೋ ಎಂದು ಅವಳ ಕಣ್ಣು ಅಜ್ಜನವರ ತುಟಿಯ ಮೇಲಿತ್ತು, ನೀಲವ್ವನ ಕಣ್ಣು ಮಗಳ ಮೇಲೆ. ಅಜ್ಜನವರು ಅವಳನ್ನು ನೋಡಿ ಒಂದೇ ಮಾತು ಕೇಳಿದರು.

"ತಂಗೀ, ನೀನು ಎದ್ದು ಬಂದ ಜಾಗಗಳು ಈಗ ಹೇಗಿವೆ?"

ಅಷ್ಟು ಮಾತಾಡಿದ ಹುಡುಗಿ, ಎರಡು ಸಮುದ್ರ ಬಾಯಿಯಲ್ಲಿ ತುಂಬಿಕೊಂಡು ಬಂದವಳು, ಹಾಗೆಯೇ ಕೂತುಬಿಟ್ಟಳು. ಮುಖ ಹೊಲಿಗೆ ಬಿಚ್ಚಿದ ಬಟ್ಟೆಯಂತಾಗಿತ್ತು. ಮಂಗಳಾರತಿಗೂ ಏಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಜ್ಜನವರು ಬೇಡ ಎಂದೇ ಹೇಳಿದ್ದು, ಅದರಲ್ಲಿ ಏನು ಸಂಶಯ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿದೆ. ಗ್ಯಾರೇಜಿನವನಿಗೂ ಹೇಳಿದೆ. ಅವನು ನಾಳೆಯೇ ಬರುತ್ತೇನೆ ಎಂದ. ನೀಲವ್ವ ಮಾತ್ರ ಇದು ಹೌದೋ ಅಲ್ಲವೋ ತಿಳಿಯದೆ, ಅರ್ಧ ದಾರಿಯಲ್ಲಿ ಎರಡು ಸಲ ನಿಂತು ಮಠದ ಕಡೆ ತಿರುಗಿ ನೋಡಿದಳು.

ದೀಪ ಹಚ್ಚುವ ಹೊತ್ತಿಗೆ ನಾನು ಗೋಡೆಯ ಪಕ್ಕ ಬೆಳ್ಳುಳ್ಳಿ ಸುಲಿಯುತ್ತ ಕೂತೆ. ಆ ಬಿರುಕಿನ ಹತ್ತಿರ ಗಾಳಿ ಚೆನ್ನಾಗಿ ಬರುತ್ತದೆ. ಆ ಕಡೆ ಕಸ್ತೂರಿ ತಾಯಿಗೆ ಮೆಲ್ಲಗೆ ಹೇಳತೊಡಗಿದಳು. ನಾನು ಬೆಳ್ಳುಳ್ಳಿ ಕೆಳಗಿಟ್ಟೆ.

ರಾಮೇಶ್ವರದಿಂದ ತಿರುಗಿ ಬರುವಾಗ ಒಂದು ಸಂಜೆ ಅವಳಿಗೆ ಎಲ್ಲಿಯೂ ಜಾಗ ಸಿಗಲಿಲ್ಲವಂತೆ. ರಸ್ತೆಯ ಪಕ್ಕ ಒಂದು ಉಳ್ಳಾಗಡ್ಡಿಯ ಹೊಲ, ಅದರ ಮೂಲೆಯಲ್ಲಿ ಹಾಳುಬಿದ್ದ ತುಂಡು ನೆಲ. ಹೊಲದ ಬಾಯಿಗೆ ಜಾಲಿಮುಳ್ಳು ಹಚ್ಚಿದ್ದರಂತೆ. ಇವಳು ಮುಳ್ಳು ಸರಿಸಿ ಗಾಡಿಯನ್ನು ಒಳಗೆ ತಂದು ಮಲಗಿದಳು. ಬೆಳಿಗ್ಗೆ ಯಾರಾದರೂ ಬಂದು ಬೈದಾರು ಎಂದು ಲಗುಬಗೆಯಿಂದ ಎದ್ದು ಹೊರಟಳು. ಮುಳ್ಳನ್ನು ಮತ್ತೆ ಹಚ್ಚಲಿಲ್ಲ. ನೂರು ಮಾರು ಹೋದ ಮೇಲೆ ಗಾಡಿಯ ಕನ್ನಡಿಯಲ್ಲಿ ನೋಡಿದರೆ, ಆಡುಗಳು ಆ ಬಾಯಿಯಿಂದ ಒಂದರ ಹಿಂದೆ ಒಂದು ಒಳಗೆ ಹೋಗುತ್ತಿದ್ದವಂತೆ. ತಿರುಗಿ ಬರಬೇಕೆಂದು ಕಾಲು ಬ್ರೇಕಿನ ಮೇಲೆ ಇಟ್ಟಳಂತೆ. ಒತ್ತಲಿಲ್ಲ.

ಅದು ಒಂದು ನೆನಪು ಬಂದದ್ದೇ ಉಳಿದವೂ ಬಂದವಂತೆ. ಒಂದು ಗುಡಿಯ ಹಿಂದೆ ಒಲೆ ಹೂಡಿ ಗೋಡೆಯನ್ನು ಕಪ್ಪು ಮಾಡಿದ್ದು. ಒಬ್ಬ ಮುದುಕಿ ತನ್ನ ಅಂಗಳದಲ್ಲಿ ಜಾಗ ಕೊಟ್ಟು, ಬೆಳಿಗ್ಗೆ ಚಹಾ ಕುಡಿದು ಹೋಗು ಎಂದು ಹೇಳಿ ಹಾಲು ತರಲು ಹೋಗಿದ್ದು, ಬಿಸಿಲೇರುತ್ತದೆಂದು ಇವಳು ಅವಳು ಬರುವ ಮೊದಲೇ ಗಾಡಿ ಬಿಟ್ಟಿದ್ದು. "ಜಾಗ ಇಲ್ಲ ಅಂತ ಜನಾ ಯಾಕ ಅಂತಾರಂತ ನಾ ಇಷ್ಟು ದಿನ ಅವರನ್ನ ಬೈಕೊಂತ ಇದ್ದೆ, ಯವ್ವಾ" ಎಂದಳು. ನೀಲವ್ವನ ಚಂಚಿಯ ದಾರ ಎಳೆದ ಸದ್ದು ಕೇಳಿಸಿತು.

ನನಗೆ ತಡೆದುಕೊಳ್ಳಲು ಆಗಲಿಲ್ಲ. ಆಡು, ಉಳ್ಳಾಗಡ್ಡಿ, ಕಪ್ಪು ಗೋಡೆ, ಹಾಲು ಹಿಡಿದುಕೊಂಡು ನಿಂತ ಮುದುಕಿ. ಮೀಸೆಯ ದಿಂಬಿಗಿಂತ ಇದು ಎಷ್ಟೋ ಮೇಲು, ಅದೂ ಅವಳ ಬಾಯಿಂದಲೇ ಬಂದದ್ದು. ಬೆಳಗಾಗುವುದೇ ತಡ, ಬುಧವಾರದ ಸಂತೆಯವರೆಗೆ ಕಾಯುವುದು ಬೇಡ ಎಂದುಕೊಂಡು, ಉಳಿದದ್ದನ್ನೂ ತಿಳಿದುಕೊಳ್ಳೋಣವೆಂದು ನೀಲವ್ವನ ಕಟ್ಟೆಗೆ ಹೋದೆ. ಅಲ್ಲಿ ನೋಡಿದರೆ ಕಸ್ತೂರಿ ಗಾಡಿ ಹೊರಗೆ ತಂದಿದ್ದಾಳೆ. ಬೀಗದ ಕೈ ಅದರ ಕಿವಿಯಲ್ಲಿ ತೂಗುತ್ತಿದೆ. ಹಿಂದೆ ಡೇರೆ ಕಟ್ಟಿದೆ, ಅದರ ಮೇಲೆ ಒಂದು ಸಣ್ಣ ಸಲಿಕೆ, ಒಂದು ಡಬ್ಬಿ ಸುಣ್ಣ, ಹೊಲಿದ ಒಂದು ಹೊಸ ಕುಬಸ, ಮುದುಕಿಯರು ತೊಡುವಂಥ ರವಿಕೆ.

ಹಿಮಾಲಯಕ್ಕೆ ಸುಣ್ಣ ಯಾಕೆ ಎಂದು ಕೇಳಿದೆ. ಹಿಮಾಲಯಕ್ಕಲ್ಲ ಎಂದಳು. ಹೋದ ದಾರಿಯಲ್ಲೇ ಹೋಗುತ್ತಾಳಂತೆ. ಡೇರೆ ಹಾಕಿದ್ದು ಹತ್ತೊಂಬತ್ತು ಜಾಗ. ಹದಿನೇಳು ನೆನಪಿವೆಯಂತೆ, ಉಳಿದೆರಡು ದಾರಿ ಹಿಡಿದರೆ ನೆನಪಾಗುತ್ತವಂತೆ. ಉಳ್ಳಾಗಡ್ಡಿಯ ಹೊಲದವರು ಕಂಡರೆ ಒದೆಯುತ್ತಾರಲ್ಲ ಎಂದೆ. ಒದ್ದರೆ ಒದೆಯಲಿ ಎಂದು ನಕ್ಕಳು, ನಿಜವಾಗಿ ನಕ್ಕಳು, ಮುಖ ಬೆಳಗಿದ ತಂಬಿಗೆಯಂತೆ ಹೊಳೆಯುತ್ತಿತ್ತು. ಹಿಮಾಲಯ ಎಲ್ಲಿಗೂ ಎದ್ದು ಹೋಗುವುದಿಲ್ಲ, ಮುಂದಿನ ಬೇಸಿಗೆಗೂ ಅಲ್ಲೇ ಇರುತ್ತದೆ ಎಂದಳು. ಗಾಡಿ ಶುರು ಮಾಡಿದಳು. ನಮ್ಮ ನೆಲುವಿನ ಗಡಿಗೆ ಅಲುಗಿದ್ದು ಹೊರಗಿನವರೆಗೆ ಕೇಳಿಸಿತು. ಗ್ಯಾರೇಜಿನವನು ಓಣಿಯ ತುದಿಯಲ್ಲಿ ಬರುತ್ತಿದ್ದವನು ಗೋಡೆಗೆ ಒತ್ತಿ ನಿಂತು ದಾರಿ ಕೊಟ್ಟ.

ನೀಲವ್ವ ಹೊಸ್ತಿಲಲ್ಲಿ ನಿಂತು ಧೂಳು ಕೂರುವವರೆಗೆ ನೋಡುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ಕಾಲು ಚಾಚಿದೆ. ಅಲ್ಲವೇ ನೀಲವ್ವಾ, ಅಜ್ಜನವರು ಹೋಗು ಎಂದು ಎಲ್ಲಿ ಹೇಳಿದರು, ನೀನೇ ಬೀಗದ ಕೈ ಕೊಟ್ಟೆಯಲ್ಲ, ಆ ಉಳ್ಳಾಗಡ್ಡಿಯ ಹೊಲ ಯಾವ ಊರಿನದಂತೆ ಎಂದು ಮಾತು ತೆಗೆದೆ.

ಅವಳು ನನ್ನ ಮುಖವನ್ನೇ ನೋಡಿದಳು. ದನಿ ಏರಿಸಲಿಲ್ಲ.

"ಬಾಳಕ್ಕಾ, ಆಕಿ ತಾ ಮಾಡಿದ ತೂತು ಮುಚ್ಚಾಕ ರಾಮೇಶ್ವರದ ತನಕ ಹೊಂಟಾಳ. ನಿಂದು ಬರೇ ಹೊಲಿಗಿ ಬಿಡಿಸಿದ ಐದು ಮನಿ. ಗಾಡಿನೂ ಬೇಕಾಗಿಲ್ಲ, ನಡಕೋತ ಹ್ವಾದರ ಸಾಕು."